ಆಲಮಟ್ಟಿಯ ನೀರೂ ಜೋಳದ ಕಾಳೂ

ಇಂಡಿಯಿಂದ ಹೊರಟು ಸಿಂದಗಿಯ ಮಾರ್ಗವಾಗಿ ಬಸವನ ಬಾಗೇವಾಡಿಗೆ ಸಾಗುವ ಪ್ರವಾಸಿಗನಿಗೆ ಮೊದಲು ಕಾಣುವುವು ನಿಂಬೆಯ ತೋಟಗಳು. ಬಳಿಕ ದೃಷ್ಟಿ ಹರಿಯುವವರೆಗೂ ಎರೆಭೂಮಿ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬುವುದು. ನೀರುಂಡ ನೆಲಕ್ಕೆ ಭಾರ ಹೆಚ್ಚು. ಭಾರವಿದ್ದಲ್ಲಿ ಆಕರ್ಷಣವೂ ಹೆಚ್ಚು. ಭೂಮಿಗೆ ಆಕೃಷ್ಟಿಶಕ್ತಿಯುಂಟೆಂದು ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿಯೇ ಹೇಳಿರುವರು. (ಅವರ ವಿಜ್ಜಡವಿಡವು ನಮ್ಮ ವಿಜಾಪುರವೇ ಎಂದು ಕೆಲವರು ವಾದಿಸುವರು, ಖಾನದೇಶದವರು ಒಪ್ಪರು, ಆ ಜಗಳ ಇಲ್ಲಿ ಬೇಡ.) ಆ ಶಕ್ತಿಯು ಒಂದೇ ಸ್ಥಳದಲ್ಲಿಯೂ ಋತುವಿನಿಂದ ಋತುವಿಗೆ ತುಸು ವ್ಯತ್ಯಾಸವಾಗುವುದೆಂಬುದು ಮಾತ್ರ ಈಚಿನವರ ಸೂಕ್ಷ್ಮ ಯಂತ್ರಗಳಿಂದ ತಿಳಿದುಬಂದ ಸಂಗತಿ.

ಹಿಂದೆ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯ ಅಣೆಕಟ್ಟಿನ ಮೇಲೆ ನಿಂತರೆ ಇದು ಚೆನ್ನಾಗಿ ಮನಗಾಣುವುದು. 519.60 ಮೀಟರಿನವರೆಗೆ ತುಂಬಿದಾಗ ಅಲ್ಲಿ 123 ಟಿಎಂಸಿ, ಅಂದರೆ ಸುಮಾರು 348 ಕೋಟಿ ಟನ್ ನೀರು! ಬೇಸಗೆಗೆ ಅದರ ಬಹುಪಾಲು ಬರಿದಾಗುವುದು. ಹತ್ತು ಮೀಟರು ಆಳದ ವಿಶಾಲವಾದ ಜಲರಾಶಿಯು ತನ್ನ ಮೇಲಿನ ಆಕರ್ಷಣವನ್ನು ಕೋಟಿಯಲ್ಲಿ ನಾಲ್ಕು ಪಾಲಿನಷ್ಟು ಹೆಚ್ಚಿಸುವುದು. ಅಲ್ಲಿ ಲೋಲಕದ ಗಡಿಯಾರವನ್ನಿಟ್ಟರೆ ಅದು ದಿನಕ್ಕೆ ಸೆಕೆಂಡಿನ ಐವತ್ತರಲ್ಲೊಂದು ಪಾಲಿನಷ್ಟು ಮುಂದೋಡೀತು. ಸ್ಪ್ರಿಂಗ್ ತಕ್ಕಡಿಯಲ್ಲಿ ಒಂದು ಕ್ವಿಂಟಲ್ ಜೋಳ ತೂಗಿದರೆ ಸುಮಾರು ಒಂದು ಕಾಳಿನ ವ್ಯತ್ಯಾಸ. ಎರಡು ಪರಡಿಗಳ ಹಳೆಯ ತಕ್ಕಡಿಗೆ ಆ ಚಿಂತೆಯೂ ಇಲ್ಲ. ಜೋಳವನ್ನು ಎಳೆದಷ್ಟೇ ತೂಕದ ಕಲ್ಲನ್ನೂ ಭೂಮಿ ಎಳೆಯುವುದಷ್ಟೆ.

ಆದರೆ ಒಂದು ಕಾಳಿನ ವ್ಯತ್ಯಾಸವೂ ಪರ್ವತವಾಗುವ ಸ್ಥಳಗಳುಂಟು. ನಮ್ಮ ಉತ್ತರಕ್ಕಿರುವ ಹಿಂಗೋಲಿ ಜಿಲ್ಲೆಯ ಔಂಢಾದ ಬಳಿ ಗುರುತ್ವತರಂಗಗಳನ್ನು ಹಿಡಿಯುವ ‘ಲೈಗೊ’ ವೇಧಶಾಲೆಗೆ 2023ರಲ್ಲಿ ಕೇಂದ್ರ ಸರಕಾರವು ಮಂಜೂರಾತಿ ಕೊಟ್ಟಿತು. ನಾಲ್ಕು ಕಿಲೋಮೀಟರು ಉದ್ದದ ಅದರ ಬಾಹುಗಳಲ್ಲಿ ಪರಮಾಣುವಿಗಿಂತಲೂ ಎಷ್ಟೋ ಸೂಕ್ಷ್ಮವಾದ ಚಲನೆಯನ್ನು ಅಳೆಯಬೇಕು. ಇಂಥ ಯಂತ್ರಕ್ಕೆ ಋತುವಿನ ನಿಧಾನವಾದ ಏರಿಳಿತವು ಬಾಧಕವಲ್ಲ. ನೆಲದ ಕಂಪನದಿಂದಲೂ ಗಾಳಿಯ ಒತ್ತಡದಿಂದಲೂ ಕ್ಷಣಕ್ಷಣಕ್ಕೆ ಬದಲಾಗುವ ಆಕರ್ಷಣವೇ ಬಾಧಕ. ಸದ್ದನ್ನು ಗೋಡೆಯಿಂದ ತಡೆಯಬಹುದು, ಬೆಳಕನ್ನು ಪರದೆಯಿಂದ ತಡೆಯಬಹುದು, ಆಕರ್ಷಣಕ್ಕೆ ಅಡ್ಡಿಯೆಂಬುದಿಲ್ಲ. ಸುತ್ತಲೂ ಕಂಪನಮಾಪಕಗಳನ್ನು ಹೂಳಿ, ಅದರ ಪ್ರಮಾಣವನ್ನು ಲೆಕ್ಕಹಾಕಿ ಕಳೆಯುವುದೊಂದು ಉಪಾಯ.

ಮುದ್ದೇಬಿಹಾಳದ ಕಡೆಯ ರೈತನಾದರೋ ಈ ಬಾಧೆಯಲ್ಲಿಯೇ ತನಗೆ ಬೇಕಾದ ವಾರ್ತೆಯಿದೆಯೆಂದಾನು. ಕಾಲುವೆ ಮುಟ್ಟದ ಹೊಲಕ್ಕೆ ಕೊಳವೆಬಾವಿಯೇ ಗತಿ. ನೆಲದೊಳಗೆ ನೀರೆಷ್ಟೆಂಬುದು ಅವನ ಬದುಕಿನ ಪ್ರಶ್ನೆ. 2002ರಲ್ಲಿ ಹಾರಿಸಿದ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳು, ತಮ್ಮ ನಡುವಣ ಸುಮಾರು 220 ಕಿಲೋಮೀಟರು ಅಂತರದ ಅತಿಸೂಕ್ಷ್ಮ ಏರಿಳಿತದಿಂದಲೇ ಕೆಳಗಿನ ನೀರಿನ ಭಾರವನ್ನು ಅರಿತವು. ಪಂಜಾಬ, ಹರಿಯಾಣ, ರಾಜಸ್ಥಾನಗಳಲ್ಲಿ ಅಂತರ್ಜಲವು ಕುಸಿಯುತ್ತಿದ್ದುದು 2009ರಲ್ಲಿ ಹಾಗೆಯೇ ಪ್ರಕಟವಾಯಿತು. ಅವುಗಳ ಉತ್ತರಾಧಿಕಾರಿಗಳು 2018ರಲ್ಲಿ ಹಾರಿದವು. ಆದರೂ ಅಷ್ಟು ಎತ್ತರದಿಂದ ಒಂದು ತಾಲ್ಲೂಕಿನ ಬಾವಿಗಳು ಬೇರೆಯಾಗಿ ಕಾಣವು. ಅದಕ್ಕೆ ಹಗ್ಗವನ್ನು ಇಳಿಬಿಟ್ಟೇ ನೋಡಬೇಕು.