ಹಿಮ ನಿಂತ ಬೆಳಿಗ್ಗೆ, ಗುಲ್ಮಾರ್ಗ್‌ನಲ್ಲಿ

ರಾತ್ರಿಯಿಡೀ ಸುರಿದ ಹಿಮ ಬೆಳಗಿನ ಜಾವಕ್ಕೆ ನಿಂತಿದೆ. ಬನ್ನಿ, ಹೊರಗೆ ಕಾಲಿಡೋಣ. ಬೇಲಿ, ಹುಲ್ಲುಗಾವಲು, ತಗಡಿನ ಚಾವಣಿ, ಎಲ್ಲದರ ಮೇಲೂ ಒಂದೇ ಬಿಳುಪು. ಫರ್ ಮರದ ಕೊಂಬೆಯಿಂದ ಹಿಮದ ಹೊರೆ ಜಾರಿ ಧೊಪ್ಪೆಂದು ಬೀಳುತ್ತದೆ. ಬಾಗಿದ್ದ ಕೊಂಬೆ ಮೇಲೆದ್ದು ತೂಗುತ್ತದೆ. ಇದು ಚಿಲ್ಲಾಯ್ ಕಲಾನ್, ಡಿಸೆಂಬರ್ 21ರಿಂದ 40 ದಿನ ಕಾಶ್ಮೀರವನ್ನು ಆಳುವ ಕಡುಚಳಿ. ಅಂಗಡಿಯ ಮುಂದೆ ಮುದುಕರೊಬ್ಬರು ಫಿರನ್ ಎಂಬ ನಿಲುವಂಗಿಯೊಳಗೆ ಕಾಂಗಡಿ ಎಂಬ ಕೆಂಡದ ಬುಟ್ಟಿ ಹಿಡಿದು ನಿಂತಿದ್ದಾರೆ. ನಸುಗೆಂಪು ಬಣ್ಣದ ನೂನ್ ಚಾಯ್ ಕೈಗೆ ಬರುತ್ತದೆ. ಉಪ್ಪುಪ್ಪಾದ ಆ ಬಿಸಿ ಒಳಗಿಳಿದ ಮೇಲೆಯೇ ನಡೆಯುವ ಧೈರ್ಯ!

ಗೊಂಡೋಲಾ ಎಂಬ ಕೇಬಲ್ ಕಾರ್ ನಮ್ಮನ್ನು ಬೆಟ್ಟದ ನಡುವಿನ ಕೊಂಗ್ದೂರಿಗೆ ಏರಿಸುತ್ತದೆ. ಬಾಗಿಲು ತೆರೆದರೆ ಕಣ್ಣು ಕೋರೈಸುವ ನೀಲಿ ಆಕಾಶ, ಎದುರಿಗೆ ಅಫರ್ವತ್ ಶಿಖರ. ಅದರ ನೆತ್ತಿಯಿಂದ ಹಿಮದ ಧೂಳು ಬಾವುಟವಾಗಿ ಹಾರುತ್ತಿದೆ. ಎಷ್ಟು ಚೆಂದ ಎನ್ನುವಷ್ಟರಲ್ಲಿ ಮಾರ್ಗದರ್ಶಿ ಹುಡುಗ ತಲೆಯಾಡಿಸುತ್ತಾನೆ. "ಆ ಹಾರಾಟವೇ ಇವತ್ತಿನ ಅಪಾಯ, ಸಾಬ್. ಪಶ್ಚಿಮದ ಗಾಳಿ ಆಚೆ ಬದಿಯ ಹಿಮವನ್ನ ಎತ್ತಿ ತಂದು ನಮ್ಮ ಬದಿಯ ಇಳಿಜಾರಿನಲ್ಲಿ ಪೇರಿಸ್ತಾ ಇದೆ. ಆಕಾಶದಿಂದ ಒಂದು ಅಡಿ ಬಿದ್ದರೆ, ಗಾಳಿ ಮರೆಯಲ್ಲಿ ಮೂರು ಅಡಿ ಆಗಬಹುದು."

ಮೇಲೆ ಹೋಗುವ ಮೊದಲು ಅವನು ಸಲಿಕೆ ಹಿಡಿಯುತ್ತಾನೆ. ಸುರಕ್ಷಿತವಾದ ಒಂದು ಪುಟ್ಟ ಏರಿನಲ್ಲಿ ನೆಲ ಕಾಣುವ ತನಕ ಗುಂಡಿ ತೋಡುತ್ತಾನೆ. ಅದರ ಗೋಡೆಯಲ್ಲಿ ಇಡೀ ಚಳಿಗಾಲವೇ ಪದರ ಪದರವಾಗಿ ಬರೆದುಕೊಂಡಿದೆ! ಮೇಲೆ ನಿನ್ನೆಯ ಹತ್ತಿಹಗುರ ಹಿಮ, ನಡುವೆ ಗಾಳಿ ಒತ್ತಿದ ಗಟ್ಟಿ ಹಾಸು, ತಳದಲ್ಲಿ ಬೆರಳಿಗೆ ಜರಜರನೆ ಉದುರುವ ಹೊಳೆಯುವ ಹರಳುಗಳು. ಋತುವಿನ ಆರಂಭದಲ್ಲಿ ಹಿಮ ತೆಳ್ಳಗಿರುತ್ತದೆ. ನೆಲ ತುಸು ಬೆಚ್ಚಗೆ, ರಾತ್ರಿಯ ಗಾಳಿ ಕೊರೆಯುವಷ್ಟು ತಣ್ಣಗೆ. ನಡುವೆ ಮೇಲೇರುವ ಆವಿ ಹಿಮಕಣಗಳನ್ನು ಒಂದಕ್ಕೊಂದು ಅಂಟದ ಹರಳಾಗಿ ಬೆಳೆಸುತ್ತದೆ. ಅದರ ಮೇಲೆ ಹೊಸ ಹಿಮದ ಭಾರ ಕೂತರೆ, ರಾಗಿ ಹರಡಿದ ನೆಲದ ಮೇಲೆ ಕಡಪ ಕಲ್ಲು ಇಟ್ಟಂತೆ.

ಹುಡುಗ ಹಿಮದಲ್ಲೊಂದು ಚೌಕ ಕಂಬ ಕೊರೆದು, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟುತ್ತಾನೆ. ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು, ಹೀಗೆ ಕ್ರಮ. ಮೊಣಕೈಯ ಸರದಿ ಶುರುವಾದದ್ದೇ ತಡ, ಕಂಬದ ಮೇಲ್ಭಾಗ ಇಡಿಯಾಗಿ ಮುಂದಕ್ಕೆ ಜಾರುತ್ತದೆ. ನನ್ನ ಉಸಿರು ಬಿಗಿಯುತ್ತದೆ. ಅಲ್ಲಿಂದ ಹತ್ತು ಹೆಜ್ಜೆ ನಡೆದಾಗ ಕಾಲಡಿಯಲ್ಲಿ 'ವುಂಫ್' ಎಂಬ ಗುಮ್ಮನೆಯ ಸದ್ದು: ಒಳಗಿನ ಸಡಿಲ ಪದರ ಕುಸಿಯಿತು. ಬೆಟ್ಟ ಇದಕ್ಕಿಂತ ಸ್ಪಷ್ಟವಾಗಿ ಮಾತಾಡಲಾರದು.

ಹಿಮಪಾತಗಳು ಹೆಚ್ಚಾಗಿ ಕಳಚುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಸ್ಕೀಯಿಂಗ್‌ಗೆ ಮನಸ್ಸು ಹಾತೊರೆಯುವುದೂ ಅಲ್ಲೇ. ನಾವು ಮೇಲಿನ ಬೋಗುಣಿಯಾಕಾರದ ಕಡಿದಾದ ಇಳಿಜಾರನ್ನು ಬಿಟ್ಟು, ಭೂರ್ಜ ಮರಗಳ ನಡುವಿನ ಸೌಮ್ಯ ಇಳಿಜಾರಿಗೆ ತಿರುಗುತ್ತೇವೆ. ಒಂದೆಡೆ ಮರಗಳಿಗೆ ಮೇಲ್ಬದಿಯ ಕೊಂಬೆಗಳೇ ಇಲ್ಲ. ಹಿಂದೆ ಹಿಮಪಾತ ಹಾದುಹೋದ ದಾರಿ ಅದು. ಒಬ್ಬೊಬ್ಬರಾಗಿ ದಾಟುತ್ತೇವೆ, ಉಳಿದವರು ಕಣ್ಣು ಕೀಳದೆ ಕಾಯುತ್ತಾರೆ.

ಇಳಿಜಾರು ಮುಗಿದಲ್ಲಿ ಖಿಲನ್‌ಮಾರ್ಗ್‌ನ ಬಯಲು ಬಿಸಿಲಿಗೆ ಹೊಳೆಯುತ್ತದೆ. ಸೈನಿಕರಿಗೆ ಹಿಮದ ವಿದ್ಯೆ ಕಲಿಸುವ ಶಾಲೆ ಗುಲ್ಮಾರ್ಗ್‌ನಲ್ಲಿಯೇ ಇದೆ. 2010ರ ಫೆಬ್ರವರಿ 8ರಂದು ಇದೇ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಯೋಧರನ್ನು ಹಿಮಪಾತ ನುಂಗಿತು. ಕನ್ನಡಿಗನಾದ ನನಗೆ ಇಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಹೂತಿದ್ದು ಜೀವಂತ ಸಿಕ್ಕ ಆ ಯೋಧ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರು ಅಷ್ಟು ದಿನ ಬದುಕಿದ್ದದ್ದೇ ಪವಾಡ. ಹೂತುಹೋದವರಿಗೆ ಸಾಮಾನ್ಯವಾಗಿ ಇರುವುದು ಕೆಲವೇ ನಿಮಿಷ, ಹುಡುಕಬೇಕಾದವರು ಜೊತೆಗಿದ್ದವರೇ.

ಆದ್ದರಿಂದ ಹಿಮದ ನಾಡಿಗೆ ಹೋಗುವ ಗೆಳೆಯರೇ, ಖಂಡಿತ ಹೋಗಿ. ಈ ಬೆರಗನ್ನು ಕಾಣದೆ ಇರಬೇಡಿ. ಆದರೆ ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಒಂದೆರಡು ದಿನ ಕಡಿದಾದ ಇಳಿಜಾರಿನಿಂದ ದೂರವಿರಿ. ಹೂತವರ ಜಾಗ ತೋರಿಸುವ ಬೀಕನ್, ಹಿಮ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ ಪ್ರತಿಯೊಬ್ಬರಲ್ಲೂ ಇರಲಿ, ಬಳಸಲೂ ಬರಲಿ. ಸ್ಥಳೀಯರು ಬೇಡವೆಂದ ದಿನ ಮರುಮಾತಿಲ್ಲದೆ ಹಿಂದಿರುಗಿ.