ಯಜಮಾನಿಕೆಯ ಎರಡು ಬಗೆ

ಸೇಡಂ, ಚಿತ್ತಾಪುರ, ಶಹಾಬಾದುಗಳ ನೆಲದಡಿಯಲ್ಲಿರುವುದು ಒಂದೇ ಸುಣ್ಣದ ಕಲ್ಲು. ಅದನ್ನು ಪದರು ಪದರಾಗಿ ಎಬ್ಬಿಸಿ, ಅಂಚು ಕೊಯ್ದು, ಉಜ್ಜಿದರೆ ಫರ್ಸಿಯಾಗುವುದು. ಪುಡಿಮಾಡಿ, ಸುಮಾರು 1450 ಡಿಗ್ರಿ ಉಷ್ಣದ ಭಟ್ಟಿಯಲ್ಲಿ ಸುಟ್ಟು, ಮರಳಿ ಅರೆದರೆ ಸಿಮೆಂಟಾಗುವುದು. ಮೊದಲನೆಯದಕ್ಕೆ ಹತ್ತು ಹನ್ನೆರಡು ಜನ ಸಾಕು. ಎರಡನೆಯದಕ್ಕೆ ಒಂದು ಊರೇ ಬೇಕು. 1936ರಲ್ಲಿ ಹತ್ತು ಸಿಮೆಂಟು ಕಂಪನಿಗಳು ಕೂಡಿ ಎ.ಸಿ.ಸಿ. ಎಂಬ ಒಂದೇ ಸಂಸ್ಥೆಯಾದಾಗ ಶಹಾಬಾದಿನ ಕಾರ್ಖಾನೆಯೂ ಅದರಲ್ಲಿ ಸೇರಿತು. ವಾಡಿಯ ಕಾರ್ಖಾನೆ 1968ರಲ್ಲಿ ನಡೆಯತೊಡಗಿತು. ಮಳಖೇಡ, ಸೇಡಂಗಳಿಗೆ 1980ರ ದಶಕದಲ್ಲಿ ಕಾರ್ಖಾನೆಗಳು ಬಂದವು. ಕಲ್ಲು ಒಂದೇ ಆದರೂ ಅದರ ಸುತ್ತ ದುಡಿಯುವ ಜನರನ್ನು ನಡೆಸುವ ರೀತಿ ಒಂದೇ ಅಲ್ಲವೆಂಬುದನ್ನು ನಾನು ಅರಿತುಕೊಂಡದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಅವನು ಇಪ್ಪತ್ತೆರಡು ವರ್ಷ ಒಂದು ದೊಡ್ಡ ಸಿಮೆಂಟು ಕಾರ್ಖಾನೆಯಲ್ಲಿ ದುಡಿದು ಪಾಳಿಯ ಮುಖ್ಯಸ್ಥನಾಗಿದ್ದವನು. ಒಂದು ರಾತ್ರಿ ಭಟ್ಟಿಯ ಒಳಗಿನ ಇಟ್ಟಿಗೆ ಕಳಚಿ ಹೊರಗಿನ ಉಕ್ಕಿನ ಕವಚ ಕೆಂಪಗೆ ಕಾಯ್ದಿತಂತೆ. ಭಟ್ಟಿಯನ್ನು ನಿಲ್ಲಿಸುವುದೆಂದರೆ ಹುಡುಗಾಟವಲ್ಲ; ಅದು ಆರಿ ಮತ್ತೆ ಕಾಯುವುದರೊಳಗೆ ದಿನಗಳು ಕಳೆಯುವುವು, ಉಳಿದ ಇಟ್ಟಿಗೆಗಳೂ ಬಿರಿಯುವ ಭಯವುಂಟು. ಆದರೂ ಇವನು ಯಾರನ್ನೂ ಎಬ್ಬಿಸದೆ ನಿಲ್ಲಿಸಿಬಿಟ್ಟನು. ಬೆಳಗ್ಗೆ ಮೇಲಧಿಕಾರಿಗಳು ಬಂದು, ದಾಖಲೆ ನೋಡಿ, ಒಂದು ಮಾತೂ ಆಡದೆ ಸಹಿ ಹಾಕಿ ಹೋದರಂತೆ. ಇದನ್ನು ಅವನು ಅಭಿಮಾನದಿಂದ ಹೇಳುತ್ತಿದ್ದನು.

ಆಮೇಲೆ ನೌಕರಿಯನ್ನು ಬಿಟ್ಟು, ಭಾವಮೈದುನನೊಡನೆ ಪಾಲುಗಾರನಾಗಿ, ಶಹಾಬಾದಿನ ಬಳಿ ಒಂದು ಖಣಿಯನ್ನೂ ಫರ್ಸಿ ಪಾಲಿಶಿನ ಸಣ್ಣ ಕಾರ್ಖಾನೆಯನ್ನೂ ಹಿಡಿದನು. ಆಳುಗಳು ಹದಿನಾಲ್ಕು ಜನ. ಹೋದವನೇ ಹಾಜರಿ ಪುಸ್ತಕ, ಸಾಮಾನಿನ ಚೀಟಿ, ರಜೆಯ ಅರ್ಜಿ, ಗೋಡೆಯ ತುಂಬ ಸೂಚನಾಪತ್ರ, ಹೀಗೆ ಎಲ್ಲವನ್ನೂ ಏರ್ಪಡಿಸಿದನು. ಓದಬಲ್ಲವರು ಅವರಲ್ಲಿ ಐದಾರು ಜನವೂ ಇರಲಿಲ್ಲವೆಂಬುದು ಬೇರೆ ಮಾತು. ನಾಲ್ಕು ತಿಂಗಳೊಳಗೆ ಒಂದು ಸಂಜೆ ನಮ್ಮ ಮನೆಗೆ ಬಂದು ಕುಳಿತು, “ಸರ, ಅಲ್ಲಿ ನೂರಾರು ಮಂದೀನ ನಡಿಸೀನಿ. ಈ ಹದಿನಾಲ್ಕು ಮಂದಿ ನನ್ನ ಕೈಯಾಗ ನಿಲ್ಲವಲ್ರು” ಎಂದನು. ಹಳೆಯ ಮುಕಾದಮನು ಬಿಟ್ಟು ಹೋಗಿದ್ದನು. ಅವನ ಹಿಂದೆಯೇ ಆರು ಜನ.

ಕೆದಕಿ ಕೇಳಲು ಸಂಗತಿ ಹೊರಬಿದ್ದಿತು. ಮಳೆಗಾಲದ ಒಂದು ರಾತ್ರಿ ಖಣಿಗೆ ನೀರು ನುಗ್ಗಿದಾಗ ಮುಕಾದಮನು ಪಕ್ಕದ ಹಳ್ಳಿಯಿಂದ ಬಾಡಿಗೆಗೆ ಡೀಸೆಲ್ ಪಂಪು ತರಿಸಿ, ನಾಲ್ವರನ್ನು ಕಟ್ಟಿಕೊಂಡು ಬೆಳಗಿನವರೆಗೆ ನೀರೆತ್ತಿ, ತಳದಲ್ಲಿದ್ದ ಕಲ್ಲು ಕೊಯ್ಯುವ ಯಂತ್ರವನ್ನು ಉಳಿಸಿದ್ದನು. ಬಾಡಿಗೆ ಮೂರು ಸಾವಿರ ರೂಪಾಯಿ. ಮರುದಿನ ನನ್ನ ಶಿಷ್ಯನು, ಯಾರ ಪರವಾನಗಿಯಿಂದ ತರಿಸಿದೆ ಎಂದು ಕೇಳಿ, ಆ ಹಣವನ್ನು ಕೊಡದೆ ನಿಲ್ಲಿಸಿದನು. ಮುಕಾದಮನು, “ಸಾವಕಾರ್ರೆ, ನೀರು ಪರವಾನಗಿ ಕೇಳಿ ಬರಲಿಲ್ಲರೀ” ಎಂದಷ್ಟೇ ಹೇಳಿ ಹೊರಟುಹೋದನು.

“ನೀನು ಭಟ್ಟಿ ನಿಲ್ಲಿಸಿದ್ದು ಯಾರ ಪರವಾನಗಿಯಿಂದ?” ಎಂದೆನು. “ಅದು ಬರದಿಟ್ಟಿತ್ತು, ಸರ. ಕವಚ ಕೆಂಪಾದ್ರ ಪಾಳಿಯವನೇ ನಿಲ್ಲಸಬೇಕಂತ.” ಅಹುದು, ದೊಡ್ಡ ಸಂಸ್ಥೆಯಲ್ಲಿ ಯಜಮಾನನ ನಂಬುಗೆಯು ಮೊದಲೇ ಕಾಗದದ ಮೇಲಿರುತ್ತದೆ, ಯಜಮಾನನು ಮಲಗಿದ್ದರೂ ಕಾಗದ ಎಚ್ಚರವಾಗಿರುತ್ತದೆ. ಸಣ್ಣ ಕಾರ್ಖಾನೆಯಲ್ಲಿ ಆ ನಂಬುಗೆಯು ಒಬ್ಬರ ಮುಖವನ್ನು ಒಬ್ಬರು ಬಲ್ಲುದರಲ್ಲಿದೆ. ಇವನು ಕಾಗದವನ್ನು ತಂದನು, ಅದರೊಳಗಿದ್ದ ನಂಬುಗೆಯನ್ನು ತರಲಿಲ್ಲ. ಮುಕಾದಮನಿಗೆ ಎರಡೂ ಇಲ್ಲದಂತಾಯಿತು.

ಪಾಠಶಾಲೆಯಲ್ಲಿ ಓದಿದ ನನಗೆ ಆಗ ನೆನಪಾದದ್ದು ಶಹಾಬಾದಿನ ಸಮೀಪದ ಮರತೂರಿನವನೆಂದು ನಮ್ಮ ಕಡೆಯವರು ಹೆಮ್ಮೆಪಡುವ ವಿಜ್ಞಾನೇಶ್ವರನು. ಅವನು ಮಿತಾಕ್ಷರೆಯನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಯ ಮೇಲೆ. ಆ ಸ್ಮೃತಿಯಲ್ಲಿ ಕೂಡಿ ವ್ಯಾಪಾರ ಮಾಡುವವರ ವಿಷಯವಾಗಿ ಸಂಭೂಯಸಮುತ್ಥಾನವೆಂಬ ಪ್ರಕರಣವುಂಟು. ಬೇಡವೆಂದರೂ, ಹೇಳದಿದ್ದರೂ, ಅಥವಾ ಅಜಾಗರೂಕತೆಯಿಂದ ಸರಕನ್ನು ಕೆಡಿಸಿದವನು ಅದನ್ನು ತುಂಬಿಕೊಡಬೇಕು. ಆಪತ್ತಿನಿಂದ ಉಳಿಸಿದವನಿಗೆ ಹತ್ತನೆಯ ಪಾಲು ಸಲ್ಲಬೇಕೆಂದು ಅಲ್ಲಿ ಹೇಳಿದೆ. ಶಿಷ್ಯನಿಗೆ ಇದನ್ನು ವಿವರಿಸಿದೆನು. ಅವನು ಮನಸ್ಸಿನಲ್ಲಿಯೇ ಯಂತ್ರದ ಬೆಲೆಯನ್ನು ಹತ್ತರಿಂದ ಭಾಗಿಸುತ್ತಿದ್ದನೆಂದು ಮುಖದಿಂದಲೇ ತಿಳಿಯಿತು.

ಉಪದೇಶಿಸುವುದು ಸುಲಭ. ಇದೇ ತಪ್ಪನ್ನು ತಿರುವುಮುರುವಾಗಿ ನಾನು ಮಾಡಿದ್ದೆನು. ಚಿಂಚೋಳಿಯ ಕಡೆಯ ಒಂದು ಹಳ್ಳಿಯಲ್ಲಿ ನಾವು ಮೂವರೇ ಶಿಕ್ಷಕರು. ಅಲ್ಲಿ ಹಿರಿಯನಾದ ನಾನು ಬಾಯಿಮಾತಿನಿಂದಲೇ ಎಲ್ಲವನ್ನೂ ನಡೆಸುತ್ತಿದ್ದೆನು. ಕಿರಿಯ ಶಿಕ್ಷಕನು ಪಾಠದಲ್ಲಿ ತಪ್ಪಿದರೆ ಅಲ್ಲಿಯೇ ತಿದ್ದುತ್ತಿದ್ದೆನು. ಮಧ್ಯಾಹ್ನ ಮೂವರೂ ರೊಟ್ಟಿಯ ಗಂಟು ಬಿಚ್ಚಿ ಕೂಡಿ ಉಣ್ಣುತ್ತಿದ್ದುದರಿಂದ ಅದು ಅಣ್ಣನ ಮಾತಾಗುತ್ತಿತ್ತು. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ಶಿಕ್ಷಕರಿದ್ದ ಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋದೆನು. ಅಲ್ಲಿಯೂ ಅದೇ ರೀತಿ. ಯಾರಿಗೆ ಯಾವ ಕೆಲಸವೆಂದು ಬರೆದಿಡಲಿಲ್ಲ. ಬೆಳಗ್ಗೆ ಒಬ್ಬರಿಗೆ ಹೇಳಿದ ಮಾತು ಸಂಜೆಗೆ ಮೂರು ಅರ್ಥವಾಗಿ ತಿರುಗಿ ಬರುತ್ತಿತ್ತು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವನ್ನು ಮಕ್ಕಳಿಗೆ ಎಷ್ಟೋ ಸಲ ವರ್ಣಿಸಿದವನು ನಾನು! ವೇದ ಹೇಳುವವರು ಇಂತಿಷ್ಟು, ಶಾಸ್ತ್ರ ಹೇಳುವವರು ಇಂತಿಷ್ಟು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಜನ, ಅವರವರಿಗೆ ಭೂಮಿ ಇಂತಿಷ್ಟು ಎಂದು ಅದರಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಇನ್ನೂರಕ್ಕೆ ಮೀರಿದ ವಿದ್ಯಾರ್ಥಿಗಳಿದ್ದೆಡೆ ಅದು ಏಕೆ ಬೇಕಾಯಿತೆಂದು ನನಗೆ ಹೊಳೆಯಲಿಲ್ಲ.

ಒಂದು ದಿನ ಹಳೆಯ ಅಭ್ಯಾಸದಂತೆ ಒಬ್ಬ ತರುಣ ಶಿಕ್ಷಕರನ್ನು ತುಂಬಿದ ತರಗತಿಯ ಮುಂದೆಯೇ ತಿದ್ದಿದೆನು. ಅವರೊಡನೆ ನಾನು ಒಂದು ದಿನವೂ ಕೂಡಿ ಉಂಡಿರಲಿಲ್ಲ. ಮಕ್ಕಳು ನಕ್ಕರು. ಅವರು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಮರುವರ್ಷ ವರ್ಗಾವಣೆಯಾಗುವವರೆಗೆ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟಲ್ಲದೆ ಮಾತನಾಡಲಿಲ್ಲ.

ಶಿಷ್ಯನು ಮುಕಾದಮನ ಮನೆಗೆ ಹೋದನು. ಮುಕಾದಮನು ಹತ್ತನೆಯ ಪಾಲನ್ನು ಮುಟ್ಟಲಿಲ್ಲ. ಪಂಪಿನ ಬಾಡಿಗೆಯನ್ನು ಮಾತ್ರ ಎಣಿಸಿಕೊಂಡು, ಚಹಾ ಕುಡಿಸಿ ಕಳಿಸಿ, ಸೋಮವಾರ ಕೆಲಸಕ್ಕೆ ಬಂದನಂತೆ. ಹೋದ ಆರು ಜನರಲ್ಲಿ ನಾಲ್ವರು ಮರಳಿದರು. ಗೋಡೆಯ ಕಾಗದಗಳೆಲ್ಲ ಹೋಗಿವೆ. ತಿರುಗುವ ಯಂತ್ರಕ್ಕೆ ಕೈಯೊಡ್ಡಬಾರದೆಂಬುದೊಂದನ್ನು ಉಳಿಸಿ, ಅದಕ್ಕೆ ಚಿತ್ರ ಬರೆಸಿದ್ದಾನೆ. ಹಾಜರಿ ಪುಸ್ತಕವೂ ಇದೆ. ಅದಿರಲೆಂದು ನಾನೇ ಹೇಳಿದೆನು. ಪಗಾರದ ಲೆಕ್ಕವನ್ನು ಮುಖ ನೋಡಿ ಮಾಡಲಾಗದು.

ಆ ತರುಣ ಶಿಕ್ಷಕರು, ಈಗ ತರುಣರಲ್ಲ, ಕಳೆದ ತಿಂಗಳು ವಾಡಿಯ ನಿಲ್ದಾಣದಲ್ಲಿ ಕಂಡರು. ಎದ್ದು ಅವರತ್ತ ನಾಲ್ಕು ಹೆಜ್ಜೆ ಹೋದೆನು. ಅವರೂ ನನ್ನನ್ನು ನೋಡಿದರು. ಅಷ್ಟರಲ್ಲಿ ಅವರ ಗಾಡಿ ಬಂದಿತು.