ಅಮ್ಮನ ಸೀಟು

ನಮ್ಮ ಹಳೇ ಕ್ವಾಲಿಸ್ ಬಿಡದಿಯಲ್ಲಿ ತಯಾರಾದದ್ದು. 2005ರಲ್ಲಿ ಇನ್ನೋವಾ ಬಂದು ಅದರ ಜಾಗ ಹಿಡಿದರೂ, ಜಯನಗರದ ನಮ್ಮನೆ ಹೊಂಗೆ ಮರದಡಿ ಇದು ಇನ್ನೂ ಗಟ್ಟಿಯಾಗಿದೆ.

ಕಳೆದ ಸಲ ಹಾಸನಕ್ಕೆ ಹೊರಟಾಗ ಚೀಲ, ಹಾಸಿಗೆಗಳೇ ತುಂಬಿಹೋದವು. "ನೀವೆಲ್ಲ ಹೋಗ್ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಅಂದರು ಅಮ್ಮ. ಮನಸ್ಸಿಗೆ ಚುಚ್ಚಿತು.

ಭಾನುವಾರ ಟೇಪು ಹಿಡಿದು ಅಳೆದೆ. ಸೀಟಿನಡಿ, ಸೀಟಿನ ಬೆನ್ನು, ಹಿಂದಿನ ಮೂಲೆ, ಎಲ್ಲಾ ಖಾಲಿ! ಜೆ.ಸಿ. ರಸ್ತೆಯಲ್ಲಿ ಜೇಬಿರುವ ಸೀಟ್ ಕವರ್ ಹಾಕಿಸಿದೆ. ನಾಲ್ಕನೇ ಬ್ಲಾಕಿನಿಂದ ಚಪ್ಪಟೆ ಡಬ್ಬಿಗಳನ್ನು ತಂದೆ. ಭಾರದ್ದೆಲ್ಲ ಕೆಳಗೆ, ಬೆಲ್ಟ್ ಬಿಗಿದು. ಡ್ರೈವರ್ ಸೀಟಿನಡಿ ಮಾತ್ರ ಏನೂ ಇಡಲಿಲ್ಲ. ಬಾಟಲಿ ಉರುಳಿ ಬ್ರೇಕಿನಡಿ ಸಿಕ್ಕರೆ ಗತಿಯೇನು?

ಯುಗಾದಿಗೆ ಅಮ್ಮ ಕಿಟಕಿ ಪಕ್ಕ ಕೂತರು, ಮಡಿಲಲ್ಲಿ ಚಕ್ಕುಲಿ ಡಬ್ಬಿ.

"ಇದಕ್ಕೆ ಜಾಗ ಮಾಡಿಲ್ವೇನೋ?"